ಬೆಲ್ಲದ ಕೋಣೆಯ ಡೈರೆಕ್ಟರ್

ಜಮಖಂಡಿಯ ಶಿವಯೋಗೆಪ್ಪನವರ ಬೆಲ್ಲದ ಪುಡಿ ಕಂಪನಿಗೆ ಅವರೇ ಚೇರ್ಮನ್. ಉಳಿದ ಡೈರೆಕ್ಟರುಗಳೆಂದರೆ ಅವರ ತಮ್ಮಂದಿರು ಮತ್ತು ಬೀಳಗಿಯ ಅಳಿಯ ಪಾಂಡಪ್ಪ. ಬಂಡವಾಳ ಹಾಕಲು ಮುಂದೆ ಬಂದ ಪುಣೆಯ ಸಂಸ್ಥೆಯೊಂದು, ಮಂಡಳಿಯಲ್ಲಿ ಹೆಣ್ಣುಮಕ್ಕಳೂ ಬೇರೆ ಬೇರೆ ಸಮುದಾಯದವರೂ ಇರಲೇಬೇಕೆಂದು ಪಟ್ಟು ಹಿಡಿಯಿತು.

"ಇನ್ನೆಷ್ಟು ಬ್ಯಾರೆ ಆಗೂಣು? ಪಾಂಡಪ್ಪ ಬೀಳಗಿಯಾಂವ ಅದಾನಲ್ಲ!" ಎಂದರು ಶಿವಯೋಗೆಪ್ಪ.

ಹೆಣ್ಣಿನ ಜಾಗಕ್ಕೆ ಕಿರಿಯ ತಮ್ಮ ಪರಮಾನಂದನ ಹೆಂಡತಿ ರಾಜೇಶ್ವರಿಯನ್ನು ಆರಿಸಿದರು. ಬಿ.ಕಾಂ. ಓದಿದವಳು, ಮಾತು ಕಡಿಮೆ. ಕಡಿಮೆ ಅವರೆದುರು ಮಾತ್ರ. ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಮುಂದೆ ಕೂಡುವಂತಿರಲಿಲ್ಲ, ಬಾಯಿ ಬಿಡುವಂತಿರಲಿಲ್ಲ.

ಮೊದಲ ಸಭೆಯಲ್ಲೇ ತೊಡಕಾಯಿತು. ರಾಜೇಶ್ವರಿ ಸೆರಗು ಹೊದ್ದು ನಿಂತೇ ಇದ್ದಳು. ಡೈರೆಕ್ಟರ್ ನಿಂತಿರುವಾಗ ತಾವು ಕೂಡುವುದು ಹೇಗೆಂದು ಗಂಡಸರೂ ಎದ್ದು ನಿಂತರು. ಶಿವಯೋಗೆಪ್ಪನವರ ಮೊಣಕಾಲು ನೋಯತೊಡಗಿದಾಗ ಪಾಂಡಪ್ಪ ಉಪಾಯ ಹೇಳಿದ: "ಬಾಜೂ ಬೆಲ್ಲದ ಕೋಣ್ಯಾಗ ಅಕ್ಕಾರಿಗೆ ಕುರ್ಚಿ ಹಾಕ್ರಿ. ಒಮ್ಮೆ ಬಳಿ ಅಲ್ಲಾಡಿಸಿದ್ರ ಹೂಂ, ಎರಡ ಸಲ ಆದ್ರ ಊಹೂಂ."

ಬೆಲ್ಲದ ಪೆಂಟಿಗಳ ನಡುವೆ, ಇರುವೆ ಜಾಡಿಸಿಕೊಳ್ಳುತ್ತ ಕೂತ ರಾಜೇಶ್ವರಿಗೆ ನಗು ಬಂತು, ಬೆನ್ನಿಗೇ ಸಿಟ್ಟೂ ಬಂತು. ಅಷ್ಟರಲ್ಲಿ ಆಚೆ ಸಭೆಯಲ್ಲಿ ಠರಾವು ಓದಿದರು: ಪ್ರತಿ ಪಾಕೀಟಿನ ಮೇಲೆ ಚೇರ್ಮನ್ನರ ಫೋಟೋ ಹಾಕತಕ್ಕದ್ದು.

ಎರಡು ಸಲ ಬಳೆ ಸದ್ದಾಯಿತು.

"ಕೈ ಜಾರಿರಬೇಕು," ಎಂದ ಪರಮಾನಂದ ಬೆವರುತ್ತ. ಮತ್ತೆ ಓದಿದರು. ಮತ್ತೆ ಎರಡು ಸಲ, ಈಗ ಜೋರಾಗಿ.

"ಯಾಕಂತ ಕೇಳಲೇ ಪರಮ್ಯಾ," ಎಂದರು ಅಣ್ಣ. ಅವನು ಕೋಣೆಗೆ ಹೋಗಿ ಬಂದು ನೆಲ ನೋಡುತ್ತ ಹೇಳಿದ: "ಬೆಲ್ಲದ ಮ್ಯಾಲೆ ಮೀಸಿ ಕಂಡ್ರ ಯಾರೂ ತಿನ್ನೂದಿಲ್ಲಂತ್ರಿ."

ಶಿವಯೋಗೆಪ್ಪನವರ ಕೈ ತಮ್ಮ ಮೀಸೆಗೆ ಹೋಯಿತು. ಠರಾವು ಮುಂದಿನ ಸಭೆಗೆ ಹೋಯಿತು.

ಆ ಸಭೆಗೆ ಪುಣೆಯ ಸಂಸ್ಥೆಯ ಕಡೆಯಿಂದ ರಂಜನಾ ಬಂದಳು. ಬೆಳಗಾವಿಯಲ್ಲಿ ಬೆಳೆದವಳು, ಕನ್ನಡ ಬಲ್ಲವಳು. "ನಿಮ್ಮ ಲೇಡಿ ಡೈರೆಕ್ಟರ್ ಎಲ್ಲದಾರ್ರಿ?" ಎಂದಳು. ಎಲ್ಲರೂ ಗೋಡೆ ತೋರಿಸಿದರು. ಪಕ್ಕದಿಂದ ಒಂದು ಬಳೆ ಸದ್ದು, ಹಾಜರಿ ಎಂಬಂತೆ.

ರಂಜನಾ ಎದ್ದು ಹೋಗಿ ರಾಜೇಶ್ವರಿಯ ಕೈ ಹಿಡಿದು ಕರೆತಂದು ಮೇಜಿಗೆ ಕೂಡಿಸಿದಳು. ತಕ್ಷಣ ಶಿವಯೋಗೆಪ್ಪ ಎದ್ದರು. ಪದ್ಧತಿ ಪದ್ಧತಿಯೇ. ಇಬ್ಬರಲ್ಲಿ ಒಬ್ಬರು ಹೊರಗಿರಬೇಕಲ್ಲ, ಪಾಪ, ತಾವೇ ಬೆಲ್ಲದ ಕೋಣೆಗೆ ಹೋಗಿ ಕೂತರು. ಬಳೆ ಇಲ್ಲದ್ದರಿಂದ ಕೆಮ್ಮಿ ಒಪ್ಪಿಗೆ ಸೂಚಿಸತೊಡಗಿದರು. ಆದರೆ ಅವರಿಗೆ ನಿಜವಾಗಿಯೂ ನೆಗಡಿ-ಕೆಮ್ಮು ಇತ್ತು. ಹೀಗಾಗಿ ಪಾಂಡಪ್ಪನನ್ನು ಮಂಡಳಿಯಿಂದ ಬಿಡಿಸಿ, ಆ ಜಾಗಕ್ಕೆ ರಬಕವಿ-ಬನಹಟ್ಟಿಯ ಸಾಲಿ ಮಾಸ್ತರಣಿ ಶಾಹೀನಾಬಿಯನ್ನು ತರುವ ರಂಜನಾಳ ಠರಾವೂ ಪಾಸಾಯಿತು.

"ಅದು ಕೆಮ್ಮ್ರೀ! ಹೂಂ ಅಲ್ಲ!" ಎಂದು ಪಾಂಡಪ್ಪ ಕೂಗಿದ.

ಚಹಾ ಬಂತು. ಕೋಣೆಯಿಂದ ದನಿ ಕೇಳಿತು: "ನನಗ ಚಾ ಬರಲಿಲ್ಲಲೇ."

ಯಾರೂ ಏಳಲಿಲ್ಲ. ರಾಜೇಶ್ವರಿ ಕಪ್ಪು ಕೆಳಗಿಟ್ಟು ಗೋಡೆಯತ್ತ ತಿರುಗಿದಳು. ಮದುವೆಯಾದಾಗಿನಿಂದ ಆ ಮನುಷ್ಯನೊಡನೆ ಒಂದು ಮಾತೂ ಆಡಿದವಳಲ್ಲ.

"ಭಾವಾರ, ಒಳಗ ಬರ್ರಿ. ಇರವಿ ಕಡೀತಾವ ಅಲ್ಲಿ."

ಕೋಣೆಯಿಂದ ಒಮ್ಮೆ ಕೆಮ್ಮು ಕೇಳಿಸಿತು. ಆಮೇಲೆ ಶಿವಯೋಗೆಪ್ಪ ಬಂದರು, ತಮ್ಮ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ, ಎಲ್ಲರಿಗೂ ಬೆನ್ನು ಹಾಕಿ ಕೂತು ಚಹಾ ಹೀರಿದರು.

"ಹೂಂ, ಮುಂದಿಂದು ಓದ್ರಿ," ಎಂದರು ಗೋಡೆಗೆ.

ಮುಂದಿನದು ಫೋಟೋದ ಠರಾವು. ರಾಜೇಶ್ವರಿ ಓದಿದಳು.