ಮೂವತ್ತಮೂರರಲ್ಲಿ ಎಷ್ಟು ನಿಮಿಷ

ಲ್ಯಾಪ್‌ಟಾಪು ಕೆಡುತ್ತಿದೆ ಎಂಬುದು ತೇಜಸ್ವಿನಿಗೆ ಮೊದಲು ಗೊತ್ತಾದದ್ದು ಬೆರಳಿನಿಂದ. ಕೀಲಿಮಣೆಯ ಕೆಳಗಿನ ಟಚ್‌ಪ್ಯಾಡ್ ಒಂದು ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಮೇಲೆದ್ದಿತ್ತು. ಒತ್ತಿದರೆ ಒಳಗೆ ಇಳಿಯುತ್ತಿರಲಿಲ್ಲ. ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪು ಅಲ್ಲಾಡುತ್ತಿತ್ತು. ತಿರುಗಿಸಿ ಹಿಂಬದಿಯನ್ನು ಸವರಿದಾಗ ನಡುವೆ ಉಬ್ಬು ಸಿಕ್ಕಿತು.

ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಜಯನಗರದ ಒಂದು ಕಾಲೇಜಿನಲ್ಲಿ ಕಾನೂನು ಓದುತ್ತಿದ್ದಳು. ಪರೀಕ್ಷೆಗಳನ್ನು ಲ್ಯಾಪ್‌ಟಾಪಿನಲ್ಲೇ ಬರೆಯುತ್ತಿದ್ದಳು. ಅವಳು ಒತ್ತಿದ ಪ್ರತಿ ಅಕ್ಷರವನ್ನೂ ಅದರೊಳಗಿನ ತಂತ್ರಾಂಶ ಇಯರ್‌ಫೋನಿನಲ್ಲಿ ಓದಿ ಹೇಳುತ್ತಿತ್ತು. ಬೇರೆಯವರಿಂದ ಬರೆಸುವುದು ಅವಳಿಗೆ ಇಷ್ಟವಿರಲಿಲ್ಲ. ಪಿಯುಸಿಯಲ್ಲಿ ಹಾಗೆ ಬರೆಸಿ, ತಾನು ಹೇಳಿದ ವಾಕ್ಯವನ್ನು ಆ ಹುಡುಗಿ ತನಗೆ ತಿಳಿದ ಹಾಗೆ ಚಿಕ್ಕದು ಮಾಡಿದ್ದು ಆಮೇಲೆ ಗೊತ್ತಾಗಿ, ಎರಡು ದಿನ ಊಟ ಸೇರಿರಲಿಲ್ಲ.

ಪರೀಕ್ಷೆಗೆ ಇನ್ನು ಹನ್ನೊಂದು ದಿನವಿತ್ತು. ಕಾಲೇಜಿನವರು ಪರಿಶೀಲಿಸಿ ಒಪ್ಪಿಗೆ ಕೊಟ್ಟಿದ್ದು ಇದೊಂದೇ ಲ್ಯಾಪ್‌ಟಾಪಿಗೆ. ಇನ್ನೊಂದನ್ನು ತರಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಸಹಿ.

ಅವರ ಮನೆ ಇದ್ದದ್ದು ಸುದ್ದಗುಂಟೆಪಾಳ್ಯದಲ್ಲಿ. ತಾಯಿ ಕಲ್ಯಾಣಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಆಕೆ ಬೆಳಗಿನ ಪಾಳಿ ಮುಗಿಸಿ ಬಂದ ಮೇಲೆ ಇಬ್ಬರೂ ತಿಲಕ್ ನಗರದ ಲತಾಮಣಿಯ ಅಂಗಡಿಗೆ ಹೋದರು. ಲತಾಮಣಿ ಹದಿನೈದು ವರ್ಷ ಯುಪಿಎಸ್ ರಿಪೇರಿಯ ಕಂಪನಿಯಲ್ಲಿ ದುಡಿದು, ಈಗ ಒಂದು ಮನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ತನ್ನದೇ ಅಂಗಡಿ ಇಟ್ಟಿದ್ದಳು.

ಸ್ಕ್ರೂ ಬಿಚ್ಚುವ ಸದ್ದು ನಿಂತಿತು. ಲತಾಮಣಿ ಉಸಿರೆಳೆದುಕೊಂಡಳು.

"ಊದ್ಕೊಂಡ್ಬಿಟ್ಟಿದೆ ಪುಟ್ಟ. ಇದನ್ನ ಇನ್ನೊಂದ್ಸಲ ಚಾರ್ಜಿಗೆ ಹಾಕ್ಬೇಡ. ಇಲ್ಲೇ ಬಿಟ್ಟೋಗು, ಬ್ಯಾಟರಿ ಕಸ ತಗೊಳ್ಳೋರಿಗೆ ನಾನೇ ಕೊಡ್ತೀನಿ."

"ಐದು ವರ್ಷ ಆಯ್ತಕ್ಕ. ಬೀಳ್ಸಿಲ್ಲ, ನೀರು ಚೆಲ್ಲಿಲ್ಲ. ಚಾರ್ಜರ್ ತೆಗ್ದೇ ಇಲ್ಲ, ಅಷ್ಟು ಜೋಪಾನ."

"ತೆಗೀದೇ ಇದ್ದಿದ್ದೇ ಎಡವಟ್ಟಾಗಿರೋದು. ಇದ್ರೊಳಗೆ ಲಿಥಿಯಂ ಅಂತ ಇರುತ್ತೆ. ಚಾರ್ಜ್ ಮಾಡ್ದಾಗ ಈ ಕಡೆಯಿಂದ ಆ ಕಡೆ ಹೋಗುತ್ತೆ, ಖರ್ಚಾದಾಗ ವಾಪಸ್ ಬರುತ್ತೆ. ಹೋಗಿದ್ದೆಲ್ಲ ಬರಲ್ಲ. ಪ್ರತಿ ಸಲ ಒಂಚೂರು ಅಲ್ಲೇ ಅಂಟ್ಕೊಳ್ಳುತ್ತೆ. ಸುಮ್ನೆ ಇದ್ರೂ ಅಂಟ್ಕೊಳ್ಳುತ್ತೆ. ಯಾವಾಗ್ಲೂ ನೂರರಲ್ಲೇ ಇಟ್ಟು, ಬಿಸೀಲಿಟ್ರೆ ಇನ್ನೂ ಬೇಗ. ಎಲ್ಲಿಟ್ಕೊಂಡು ಓದ್ತೀಯ?"

"ಹಾಸಿಗೆ ಮೇಲೆ."

"ನೋಡು ಮತ್ತೆ. ಕೆಳಗಡೆ ಗಾಳಿನೇ ಆಡಲ್ಲ."

ಕಲ್ಯಾಣಿ ಮಧ್ಯೆ ಬಾಯಿ ಹಾಕಿದಳು. "ಅದೆಲ್ಲ ಇರ್ಲಿ ಮೇಡಂ, ಪರೀಕ್ಷೆಯೊಳಗೆ ಹೊಸದು ಸಿಗುತ್ತಾ?"

ಹೊಸ ಬ್ಯಾಟರಿ ನಾಲ್ಕು ದಿನಕ್ಕೆ ಬಂತು. ಆದರೆ ಹಾಕಿ ನೋಡಿದ ಲತಾಮಣಿ ತಾನಾಗಿಯೇ ಫೋನ್ ಮಾಡಿ ಕರೆಸಿದಳು.

"ನಿಂಗೆ ಸುಳ್ಳು ಹೇಳಲ್ಲ. ಡಬ್ಬಿ ಹೊಸದು, ಬ್ಯಾಟರಿ ಹಳೇದು. ಮಾಡಿ ನಾಲ್ಕು ವರ್ಷ ಆಗಿದೆ. ಯಾವ್ದೋ ಗೋಡೌನಲ್ಲಿ ಬಿದ್ದಿತ್ತು. ಯಾರೂ ಉಪಯೋಗಿಸದೆ ಕೂತಲ್ಲೇ ವಯಸ್ಸಾಗಿದೆ. ನಲವತ್ತೈದು ವಾಟ್-ಅವರ್ ತುಂಬೋ ಕಡೆ ಇಪ್ಪತ್ತೊಂಬತ್ತೇ ತುಂಬ್ತಿದೆ. ಒಂದು ಸೆಲ್ ಬೇರೆ ವೀಕು. ವಾಪಸ್ ಕಳಿಸ್ತೀನಿ, ಬೇರೆ ಬರಕ್ಕೆ ಹತ್ತು ದಿನ ಆಗುತ್ತೆ."

"ಪರೀಕ್ಷೆಗೆ ಏಳೇ ದಿನ ಅಕ್ಕ."

 ತೇಜಸ್ವಿನಿ ಲ್ಯಾಪ್‌ಟಾಪಿನ ಹಿಂಬದಿ ಸವರಿ ಕೇಳಿದಳು: "ಇದು ಊದ್ಕೊಂಡಿಲ್ವಲ್ಲ? ಅಪಾಯ ಇಲ್ವಲ್ಲ?"

"ಅದೇನಿಲ್ಲ. ಬೇಗ ಖಾಲಿಯಾಗುತ್ತೆ ಅಷ್ಟೇ. ಅದು ಹೇಳೋ ಪರ್ಸೆಂಟ್ ಮಾತ್ರ ನಂಬ್ಬೇಡ. ಅದು ಲೆಕ್ಕ ಅಲ್ಲ, ಅಂದಾಜು. ವೀಕಾಗಿರೋ ಸೆಲ್ ಕೈಕೊಟ್ರೆ ಇಪ್ಪತ್ತು ಮೂವತ್ತು ಇರೋವಾಗ್ಲೇ ಟಪ್ ಅಂತ ನಿಂತೋಗುತ್ತೆ."

"ಹಾಗಾದ್ರೆ ಇದೇ ಇರ್ಲಿ. ಎಲ್ಲಿ ನಿಲ್ಲುತ್ತೆ ಅಂತ ನಾನೇ ನೋಡ್ಕೋತೀನಿ."

ಅಮ್ಮ ಐದಕ್ಕೆಲ್ಲ ಡಿಪೋಗೆ ಹೊರಟರೆ ಮನೆ ಅವಳೊಬ್ಬಳದೇ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಚಾರ್ಜರ್ ಕಿತ್ತು, ಮಾತಾಡುವ ಗಡಿಯಾರದಲ್ಲಿ ಸಮಯ ಕೇಳಿಕೊಂಡು ಬರೆಯಲು ಕೂತಳು. ಪರದೆ ಅವಳಿಗೆ ಬೇಕಿರಲಿಲ್ಲವಾದ್ದರಿಂದ ಆರಿಸಿಟ್ಟಳು. ಐದೈದು ನಿಮಿಷಕ್ಕೆ ಶೇಕಡಾ ಎಷ್ಟೆಂದು ಕೇಳಿದಳು. ಮೊದಲ ದಿನ ಒಂದು ಗಂಟೆ ಐವತ್ತೊಂದು ನಿಮಿಷ ನಡೆದು, ಇಪ್ಪತ್ತೆಂಟು ಎಂದು ಹೇಳಿ, ಮರುಕ್ಷಣವೇ ಕಿವಿಯೊಳಗೆ ಎಲ್ಲ ನಿಶ್ಶಬ್ದವಾಯಿತು. ಮಾರನೆಯ ದಿನ ಒಂದು ನಲವತ್ತೆಂಟು. ಆಗಲೂ ಇಪ್ಪತ್ತೆಂಟಕ್ಕೇ ನಿಂತಿತು. ಪರದೆ ಉರಿಸಿಕೊಂಡು ನೋಡಿದ ದಿನ ಒಂದು ಗಂಟೆ ಇಪ್ಪತ್ತೇ ನಿಮಿಷ. ಐದು ಬೆಳಗು ಹೀಗೆ ಕಳೆದವು. ಮೊದಲ ಸಲ ಅದು ತಟ್ಟನೆ ನಿಂತಾಗ ಅವಳು ಗಾಬರಿಯಿಂದ ಕೀಲಿಗಳನ್ನು ಒತ್ತುತ್ತಲೇ ಇದ್ದಳು. ಐದನೆಯ ಸಲದ ಹೊತ್ತಿಗೆ, ನಿಲ್ಲುವ ಮುಂಚೆಯೇ ಕೈಗಳನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಾದಳು.

ಪರೀಕ್ಷೆಯ ದಿನ ಅವಳಿಗೆ ಎರಡನೆಯ ಮಹಡಿಯಲ್ಲಿ ಪ್ರತ್ಯೇಕ ಕೋಣೆ ಕೊಟ್ಟಿದ್ದರು. ಹತ್ತರಿಂದ ಒಂದರವರೆಗಿನ ಪರೀಕ್ಷೆಗೆ ಅವಳಿಗೆ ಒಂದು ಗಂಟೆ ಹೆಚ್ಚುವರಿ ಸಮಯವಿತ್ತು, ಎಂದರೆ ಎರಡು ಗಂಟೆಯವರೆಗೆ. ಮೇಲ್ವಿಚಾರಕರು ಪರಮಶಿವಯ್ಯ ಎಂಬ ಮೇಷ್ಟ್ರು. ಕಾಲೇಜಿಗೆ ಹೊಸಬರು, ಅವಳು ಅವರ ದನಿಯನ್ನು ಕೇಳಿದ್ದು ಅಂದೇ ಮೊದಲು. ಅವರೇ ಬಗ್ಗಿ ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಪ್ರಶ್ನೆಗಳನ್ನು ಎರಡು ಸಲ ನಿಧಾನವಾಗಿ ಓದಿ ಹೇಳಿದರು.

"ಸ್ಕ್ರೀನ್ ಆನ್ ಇರ್ಲಮ್ಮ. ನೀನು ಏನು ಬರೀತಿದೀಯ ಅಂತ ನಾನು ನೋಡ್ತಿರ್ಬೇಕಲ್ಲ."

"ಆಗ್ಲಿ ಸಾರ್."

ಹನ್ನೊಂದು ನಲವತ್ತಕ್ಕೆ ಫ್ಯಾನು ನಿಧಾನವಾಗಿ ತಿರುಗಿ ನಿಂತಿತು.

ತೇಜಸ್ವಿನಿ ತಕ್ಷಣ ಇಯರ್‌ಫೋನ್ ತೆಗೆದಳು. "ಸಾರ್, ಕರೆಂಟ್ ಹೋಯ್ತಾ? ಈ ಬ್ಯಾಟರಿ ಎರಡು ಗಂಟೆವರೆಗೂ ಬರಲ್ಲ. ಜನರೇಟರ್ ಇರೋ ಕಡೆ ಹೋಗ್ಬೋದಾ?"

"ಜನರೇಟರ್ ಇರೋದು ಕೆಳಗೆ ಆಫೀಸಿಗೆ ಮಾತ್ರ. ರೂಮ್ ಬದ್ಲಾಯ್ಸಿದ್ರೆ ಆಮೇಲೆ ಪ್ರಶ್ನೆ ಬರುತ್ತೆ. ಹತ್ತು ನಿಮಿಷ ನೋಡೋಣ, ಬಂದ್ಬಿಡುತ್ತೆ. ನಿಂದು ನೂರು ಪರ್ಸೆಂಟ್ ತೋರಿಸ್ತಿದೆಯಲ್ಲ."

ಹತ್ತು ನಿಮಿಷವಾದರೂ ಬರಲಿಲ್ಲ. ಅವಳು ಮತ್ತೆ ಕೇಳಿದಳು. "ಹಾಗಾದ್ರೆ ಸ್ಕ್ರೀನಾದ್ರೂ ಆರಿಸ್ತೀನಿ ಸಾರ್. ಅರ್ಧ ಗಂಟೆ ಉಳಿಯುತ್ತೆ. ನಿಮಗೆ ಯಾವಾಗ ಬೇಕೋ ಆಗ ಹೇಳಿ, ಆನ್ ಮಾಡಿ ತೋರಿಸ್ತೀನಿ."

ಅವರು ಯೋಚಿಸಿದರು. ಕುರ್ಚಿ ಕಿರುಗುಟ್ಟಿತು. "ಸರಿ. ಕಾಲು ಗಂಟೆಗೊಂದ್ಸಲ ನೋಡ್ತೀನಿ."

ಅವಳು ಉತ್ತರಗಳ ಕ್ರಮವನ್ನು ಬದಲಾಯಿಸಿಕೊಂಡಳು. ದೊಡ್ಡ ಉತ್ತರಗಳನ್ನು ಮುಂದಕ್ಕೆ ತಂದು, ಗುತ್ತಿಗೆಗೂ ಪರವಾನಗಿಗೂ ಇರುವ ವ್ಯತ್ಯಾಸದ ಪ್ರಶ್ನೆಯನ್ನು ಕೊನೆಗಿಟ್ಟಳು. ಒಂದೊಂದು ಪ್ಯಾರಾ ಮುಗಿದಂತೆ ಉಳಿಸಿದಳು. ಒಂದು ಗಂಟೆಗೆ ಕೆಳಗೆ ಗಂಟೆ ಹೊಡೆಯಿತು. ಬೇರೆ ಕೋಣೆಗಳಿಂದ ಹುಡುಗರು ಹೊರಬಂದು, ಉತ್ತರಗಳನ್ನು ಹೋಲಿಸಿಕೊಳ್ಳುತ್ತ ಮೆಟ್ಟಿಲಿಳಿದರು. ಗಲಾಟೆ ಕರಗಿ ಕಾರಿಡಾರು ಖಾಲಿಯಾಯಿತು. ಕರೆಂಟು ಬಂದಿರಲಿಲ್ಲ.

ಒಂದು ಹತ್ತೊಂಬತ್ತಕ್ಕೆ ಇಯರ್‌ಫೋನು ಮೂವತ್ತಮೂರು ಎಂದಿತು.

"ಸಾರ್, ಇನ್ನು ಏಳು ನಿಮಿಷದಲ್ಲಿ ಇದು ನಿಂತೋಗುತ್ತೆ. ಇಲ್ಲೀವರೆಗೂ ಬರ್ದಿರೋದನ್ನ ನೀವು ಕೊಟ್ಟಿರೋ ಪೆನ್‌ಡ್ರೈವಿಗೆ ಹಾಕಿ ನಿಮ್ಮ ಕೈಗೆ ಕೊಡ್ತೀನಿ."

ಪರಮಶಿವಯ್ಯ ಎದ್ದು ಬಂದರು. ಪರದೆ ಹಾಕಿಸಿ ನೋಡಿದರು. "ಮೂವತ್ತಮೂರಿದೆಯಲ್ಲಮ್ಮ. ಮೂರರಲ್ಲಿ ಒಂದು ಭಾಗ. ಅರ್ಧ ಗಂಟೆ ಆರಾಮಾಗಿ ಬರುತ್ತೆ. ಟೆನ್ಷನ್ ಮಾಡ್ಕೋಬೇಡ, ಬರಿ."

"ಟೆನ್ಷನ್ ಇಲ್ಲ ಸಾರ್. ಇದರ ಮೂವತ್ತಮೂರು ಮೂವತ್ತಮೂರಲ್ಲ. ಇಪ್ಪತ್ತೆಂಟಕ್ಕೆ ನಿಂತೋಗುತ್ತೆ. ಐದು ಸಲ ನೋಡಿದೀನಿ."

"ಅರ್ಧ ಪೇಪರ್ ತಗೊಳ್ಳೋದು ಹೇಗಮ್ಮ? ಹಾಗೆಲ್ಲ ರೂಲ್ಸಲ್ಲಿ ಇಲ್ಲ."

ಸಿಟ್ಟು ಬಂತು. ಆದರೆ ಮಾತಾಡಿದರೆ ನಿಮಿಷ ಹೋಗುತ್ತದೆ. ಅವಳು ಪರದೆ ಆರಿಸಿ, ಕಡತವನ್ನು ಪೆನ್‌ಡ್ರೈವಿಗೆ ಉಳಿಸಿ, ಉಳಿಯಿತೋ ಇಲ್ಲವೋ ಎಂದು ಒಮ್ಮೆ ತೆರೆದು ಕೇಳಿ, ಪೆನ್‌ಡ್ರೈವನ್ನು ಕಿತ್ತು ಮೇಜಿನ ಅಂಚಿಗಿಟ್ಟಳು. ನಡೆಯುತ್ತಿದ್ದ ಉತ್ತರದ ಕೊನೆಯ ವಾಕ್ಯ ಮುಗಿಸಲು ಕೈ ಹಾಕಿದಳು.

ಒಂದು ಇಪ್ಪತ್ತಾರಕ್ಕೆ ವಾಕ್ಯದ ನಡುವೆ ಕಿವಿ ಖಾಲಿಯಾಯಿತು. ಅವಳು ಕೈ ಎತ್ತಿದಳು.

"ನಿಂತೋಯ್ತು ಸಾರ್."

ಪರಮಶಿವಯ್ಯ ಬಂದು ಒಂದು ಗುಂಡಿ ಒತ್ತಿದರು, ಇನ್ನೊಂದು ಒತ್ತಿದರು. ತಮ್ಮ ಗಡಿಯಾರ ನೋಡಿಕೊಂಡಿರಬೇಕು.  ಅವರ ದನಿ ಮತ್ತೆ ಬಂದಾಗ ಅದರಲ್ಲಿ ರೂಲ್ಸು ಇರಲಿಲ್ಲ.

"ನೀನು ಹೇಳ್ದಾಗ್ಲೇ ಕೇಳ್ಬೇಕಿತ್ತು. ಏಳು ಅಂದೆ, ಏಳೇ ನಿಮಿಷ. ಏಳಮ್ಮ, ಆಫೀಸಿಗೆ ಹೋಗೋಣ. ಏನು ಬರ್ಕೊಡ್ಬೇಕೋ ನಾನು ಬರ್ಕೊಡ್ತೀನಿ."

ಲ್ಯಾಪ್‌ಟಾಪು, ಚಾರ್ಜರು, ಪೆನ್‌ಡ್ರೈವು ಎಲ್ಲವನ್ನೂ ಅವರೇ ಎತ್ತಿಕೊಂಡರು. ಅವಳು ಅವರ ಮೊಣಕೈ ಹಿಡಿದು ಮೆಟ್ಟಿಲಿಳಿದಳು. ಅವರಿಗೆ ಅಭ್ಯಾಸವಿರಲಿಲ್ಲ, ಪ್ರತಿ ಮೆಟ್ಟಿಲಿಗೂ "ಮೆಟ್ಲು, ಮೆಟ್ಲು" ಎನ್ನುತ್ತಿದ್ದರು. ಅವಳಿಗೆ ಅಂಥ ಹೊತ್ತಿನಲ್ಲೂ ನಗು ಬಂತು.

ಆಫೀಸಿನಲ್ಲಿ ಜನರೇಟರಿನ ಗುಡುಗುಡು, ಪ್ರಿಂಟರಿನ ಸದ್ದು, ಯಾರೋ ಟಿಫನ್ ಡಬ್ಬಿ ತೆರೆದ ಉಪ್ಪಿನಕಾಯಿ ವಾಸನೆ. ಪರಮಶಿವಯ್ಯ ಒಂದು ಮೇಜು ಖಾಲಿ ಮಾಡಿಸಿ, ಎಲ್ಲರಿಗೂ ಪಿಸುದನಿಯಲ್ಲಿ ಮಾತಾಡಲು ಹೇಳಿದರು. ಲ್ಯಾಪ್‌ಟಾಪು ಮತ್ತೆ ಶುರುವಾಗುವ ಹೊತ್ತಿಗೆ ಹನ್ನೆರಡು ನಿಮಿಷ ಕಳೆದಿತ್ತು. "ಆ ಹನ್ನೆರಡು ನಿಮಿಷ ಕೊನೇಲಿ ಕೊಡ್ತೀನಿ, ಬರಿ" ಎಂದರು. ಪೆನ್‌ಡ್ರೈವಿನಲ್ಲಿದ್ದುದೆಲ್ಲ ಹಾಗೇ ಇತ್ತು. ಹೋದದ್ದು ಎರಡು ವಾಕ್ಯ ಮಾತ್ರ.

ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಅವಳು ಕೊನೆಯ ಉತ್ತರ ಮುಗಿಸಿದಳು. ಪ್ರಿಂಟಾದ ಹಾಳೆಗಳ ಅಂಚಿನಲ್ಲಿ ತಾನೇ ಕೈಯಾರೆ ಸಹಿ ಹಾಕಿದಳು. ನಡೆದದ್ದನ್ನೆಲ್ಲ ಪರಮಶಿವಯ್ಯ ಒಂದು ಪುಟದಲ್ಲಿ ಬರೆದು, ಪ್ರಾಂಶುಪಾಲರಿಗೆ ಕೊಡುವ ಮೊದಲು ಅವಳಿಗೆ ಓದಿ ಹೇಳಿದರು. "ವಿದ್ಯಾರ್ಥಿನಿಯು ಮುಂಚಿತವಾಗಿಯೇ ಎರಡು ಬಾರಿ ತಿಳಿಸಿದ್ದರು" ಎಂಬ ವಾಕ್ಯ ಅದರಲ್ಲಿತ್ತು. ಹಾಗೆ ಬರೆಯಿರಿ ಎಂದು ಅವಳು ಕೇಳಿಕೊಂಡಿರಲಿಲ್ಲ.

ಆ ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದಾಗ ಕಲ್ಯಾಣಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ನಾನಾಗಿದ್ರೆ ಅಳ್ತಿದ್ದೆ ಕಣೇ."

"ಅಳು ಬರ್ಲಿಲ್ಲಮ್ಮ. ಗೊತ್ತಿತ್ತಲ್ಲ. ಅವರು ನಂಬ್ಲಿಲ್ಲ ಅಂತ ಮಾತ್ರ ಬೇಜಾರಾಯ್ತು."

ಮುಂದಿನ ಪರೀಕ್ಷೆಗೆ ಅವಳ ಕೋಣೆ ಬದಲಾಗಿತ್ತು. ಆಫೀಸಿನ ಪಕ್ಕದ, ಜನರೇಟರಿನ ತಂತಿ ಇದ್ದ ಚಿಕ್ಕ ಕೋಣೆ. ಮೇಲ್ವಿಚಾರಣೆಗೆ ಅಂದೂ ಪರಮಶಿವಯ್ಯನವರೇ ಬಂದಿದ್ದರು. ಪ್ರಶ್ನೆಪತ್ರಿಕೆ ಬಿಚ್ಚಲು ಇನ್ನೂ ಐದು ನಿಮಿಷವಿತ್ತು. ಅವರು ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

"ಒಂದು ಕೇಳ್ಲಾ? ನಮ್ಮನೇಲೂ ಒಂದು ಲ್ಯಾಪ್‌ಟಾಪಿದೆ. ನಲವತ್ತು ಅಂತ ತೋರಿಸ್ತಾನೇ ಆರ್ಹೋಗುತ್ತೆ. ಕೆಟ್ಟೋಯ್ತು ಅಂತ ಬೀರೂಲಿಟ್ಟಿದೀನಿ."

"ಯಾವಾಗ್ಲೂ ಚಾರ್ಜಲ್ಲೇ ಇಟ್ಟಿದ್ರಾ ಸಾರ್?"

"ಹೂಂ. ಟಿವಿ ಪಕ್ಕ."

"ಟಚ್‌ಪ್ಯಾಡ್ ಮೇಲೆ ಎದ್ದಿದ್ಯಾ?"

"ಅದನ್ನ ನೋಡಿಲ್ಲ."

"ನೋಡೋದು ಬೇಡ, ಕೈಯಾಡ್ಸಿ" ಎಂದಳು ತೇಜಸ್ವಿನಿ. "ಎದ್ದಿದ್ರೆ ಒತ್ತಕ್ಕೆ, ಬಿಚ್ಚಕ್ಕೆ ಹೋಗ್ಬೇಡಿ. ಚಾರ್ಜಿಗಂತೂ ಹಾಕ್ಲೇಬೇಡಿ. ತಿಲಕ್ ನಗರದಲ್ಲಿ ಲತಾಮಣಿ ಅಂತ ಒಬ್ರಿದಾರೆ, ಮೆಟ್ಲ ಕೆಳಗಿನ ಅಂಗಡಿ. ಅವರು ಸುಳ್ಳು ಹೇಳಲ್ಲ."

ಪರಮಶಿವಯ್ಯ ಜೇಬಿನಿಂದ ಪೆನ್ನು ತೆಗೆದು ಆ ಹೆಸರನ್ನು ಬರೆದುಕೊಂಡರು. ಆಮೇಲೆ ಲಕೋಟೆ ಹರಿದು, ಮೊದಲ ಪ್ರಶ್ನೆಯನ್ನು ಓದತೊಡಗಿದರು.