ನಡುವಿನ ಚೌಕ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಡಿಪೋದಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಹೆಂಗಸಿಗೆ ಕೋಪ ಇನ್ನೆಲ್ಲಿರಬೇಕು ಸ್ವಾಮಿ? ಆದರೆ ಆ ಭಾನುವಾರ ಮಧ್ಯಾಹ್ನ ನನಗೆ ಬಂದದ್ದು ಬರೀ ಕೋಪವಲ್ಲ. ಮಗಳಿಗೆ ನೀರು ತರಲು ಹೋಗಿದ್ದೆ. ವಾಪಸು ಬಂದು ಗೇಮ್ ಹಾಲಿನ ಬಾಗಿಲು ತಳ್ಳುವಷ್ಟರಲ್ಲಿ ಒಳಗಿನ ಮಾತು ಕಿವಿಗೆ ಬಿತ್ತು.

"ನಿಂಗೆ ಹೀಗೆ ಆಡೋದು ಯಾರು ಕಲಿಸಿದ್ದು?" ಎಂದು ಕೇಳಿದವನು ಅಲ್ಲಿನ ಯಂತ್ರಗಳನ್ನೆಲ್ಲ ರಿಪೇರಿ ಮಾಡುವ ಸಣಕಲು ಆಸಾಮಿ. ಜೇಬಿನಲ್ಲಿ ಸದಾ ಒಂದು ಸ್ಪ್ಯಾನರ್ ಇರುತ್ತದೆ, ಹಾಗಾಗಿ ಅವನ ಹೆಸರೂ ಸ್ಪ್ಯಾನರ್.

"ಯಾರೂ ಇಲ್ಲಪ್ಪ. ನಾನೇ ಕಲ್ತಿದ್ದು," ಎಂದಳು ನನ್ನ ಮಗಳು.

ಯಾರೂ ಇಲ್ಲವಂತೆ! ಕೇಳಿದಿರಾ?

ಎಂಟು ವರ್ಷದ ಹಿಂದೆ, ಅವಳಿಗೆ ಹದಿನಾರಾಗಿದ್ದಾಗ, ಆ ಡ್ಯಾನ್ಸ್ ಯಂತ್ರದ ಮೇಲೆ ಕೈಹಿಡಿದು ಹತ್ತಿಸಿದವಳೇ ನಾನು. ಕಾಲ ಕೆಳಗೆ ಒಂಬತ್ತು ಚೌಕದ ಲೋಹದ ಹಾಸು. ಎಡ, ಬಲ, ಮೇಲೆ, ಕೆಳಗೆ ನಾಲ್ಕು ಬಾಣದ ಚೌಕಗಳು, ನಡುವೆ ಖಾಲಿ ಚೌಕ ಒಂದು. ಹಾಡು ಶುರುವಾದರೆ ಪರದೆಯ ಮೇಲೆ ಬಾಣಗಳು ಏರುತ್ತಾ ಬರುತ್ತವೆ. ಯಾವ ಬಾಣ ಗೆರೆ ಮುಟ್ಟಿತೋ ಆ ಚೌಕವನ್ನು ತಾಳಕ್ಕೆ ಸರಿಯಾಗಿ ತುಳಿಯಬೇಕು. ತಪ್ಪುತ್ತಾ ಹೋದರೆ ಮೇಲಿರುವ ಜೀವದ ಪಟ್ಟಿ ಖಾಲಿಯಾಗಿ ಹಾಡು ಅರ್ಧಕ್ಕೇ ನಿಂತು ಮಾನ ಹೋಗುತ್ತದೆ. ಒಂದರಿಂದ ಇಪ್ಪತ್ತರವರೆಗೆ ಹಂತಗಳು. ನಾನು ಒಂಬತ್ತರಲ್ಲೇ ಬೇರುಬಿಟ್ಟಿದ್ದೇನೆ. ಅವಳು ಹದಿನಾರನೆಯ ಹಂತ ದಾಟಿ ಐದು ತಿಂಗಳಿಂದ ಹದಿನೇಳರ ಬಾಗಿಲು ಬಡಿಯುತ್ತಿದ್ದಳು.

ನಾನು ಕಲಿಸಿದ್ದು ಡ್ರೈವರ್ ವಿದ್ಯೆ. ತುಳಿ, ಬಿಡು, ಕಾಲು ವಾಪಸು ತಗೋ. ತುಳಿದ ಕಾಲನ್ನು ಕ್ಲಚ್ಚಿನ ಮೇಲೇ ಇಟ್ಟುಕೊಂಡರೆ ಪ್ಲೇಟ್ ಸುಟ್ಟುಹೋಗುತ್ತದೆ ಎಂದು ಎಷ್ಟು ಹೊಸ ಡ್ರೈವರುಗಳಿಗೆ ಬೈದು ಬೈದು ಹೇಳಿಲ್ಲ! ಹಾಸಿನ ಆ ಖಾಲಿ ಚೌಕಕ್ಕೆ ನಾವು 'ಮನೆ' ಎಂದು ಹೆಸರಿಟ್ಟೆವು. ಒಂದು ಹೆಜ್ಜೆ ಆಚೆ, ತಕ್ಷಣ ಮನೆಗೆ. ಅವಳ ಬಲಕ್ಕೆ, ಒಂದು ಹೆಜ್ಜೆ ಹಿಂದೆ ನಿಂತು ನಾನೇ ಅದನ್ನು ಅವಳ ಕಾಲಿಗೆ ರೂಢಿ ಮಾಡಿಸಿದ್ದು.

ಎರಡು ವಾರದ ಹಿಂದೆ ಶೂ ಬಿಚ್ಚುತ್ತಾ, "ಈ ತಿಂಗಳು ಹದಿನೇಳು ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀನಮ್ಮ, ಸಾಕಾಗಿದೆ," ಎಂದಿದ್ದಳು. ನನಗೆ ಭಯ ಹತ್ತಿತು. ನನ್ನ ಬಸ್ಸು ಬೆಳಗ್ಗೆ ಐದಕ್ಕೆ ಡಿಪೋ ಬಿಡುತ್ತದೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮುಗಿಸಿ ಬರುವಾಗ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ವಾರದ ಆರು ದಿನ ನಮ್ಮಿಬ್ಬರ ಮಾತು ಫ್ರಿಜ್ಜಿಗೆ ಅಂಟಿಸಿದ ಚೀಟಿಯಲ್ಲೇ ನಡೆಯುತ್ತದೆ. ನನ್ನ ಮಗಳು ನನಗೆ ಸಿಗುವುದು ಭಾನುವಾರ ಆ ಯಂತ್ರದ ಪಕ್ಕದಲ್ಲಿ ಮಾತ್ರ. ಅದನ್ನೂ ಬಿಟ್ಟರೆ ನಾನು ಅವಳನ್ನು ಎಲ್ಲಿ ಹುಡುಕಲಿ?

ಅಂಥದ್ದರಲ್ಲಿ ಯಾರೂ ಕಲಿಸಲಿಲ್ಲವಂತೆ. ಅವತ್ತು ಮನೆಗೆ ಬರುವಾಗ ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಸೋಮವಾರ ಫ್ರಿಜ್ಜಿನ ಮೇಲೆ "ಹಾಲು ಮುಗಿದಿದೆ" ಎಂದು ಬರೆದೆ. ಅವಳು ಅದರ ಕೆಳಗೆ "ಕೋಪಾನಾ?" ಎಂದು ಬರೆದಿದ್ದಳು. ಮಂಗಳವಾರ ನಾನು ಮತ್ತೆ "ಹಾಲು ಮುಗಿದಿದೆ" ಎಂದೇ ಬರೆದೆ. ಹಾಲು ಎರಡು ಪ್ಯಾಕೆಟ್ ಇತ್ತು.

ಬುಧವಾರ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ ಗೇಮ್ ಹಾಲಿಗೆ ನುಗ್ಗಿದೆ. ಸ್ಪ್ಯಾನರ್ ಯಂತ್ರದ ಹಾಸು ಬಿಚ್ಚಿ ಬ್ರಷ್ಷಿನಲ್ಲಿ ಧೂಳು ಗುಡಿಸುತ್ತಿದ್ದ.

"ಏನಪ್ಪಾ, ನನ್ನ ಮಗಳು ತಾನೇ ಕಲ್ತೆ ಅಂದ್ಳಲ್ಲ, ನಂಬಿಬಿಟ್ಯಾ?"

"ಎಲ್ಲಿ ನಂಬೋದು ಆಂಟಿ! ಯಾರೋ ಪುಣ್ಯಾತ್ಮರು ಕೂತು ಕಲಿಸಿ ಕೆಡಿಸಿದ್ದಾರೆ. ಎಂಥಾ ಕಾಲು ಆ ಹುಡುಗೀದು!"

"ಕೆಡಿಸಿದ್ದಾರಾ?"

"ಮತ್ತಿನ್ನೇನು? ಪ್ರತಿ ಹೆಜ್ಜೆಗೂ ನಡುವಿಗೆ ವಾಪಸ್ ಬರ್ತಾಳೆ. ಹತ್ತರವರೆಗೆ ಸರಿ. ಹದಿನಾರರವರೆಗೂ ಬರೀ ಶಕ್ತಿಯಿಂದ ಎಳ್ಕೊಂಡು ಬಂದಿದ್ದಾಳೆ. ಹದಿನೇಳರಲ್ಲಿ ಒಂದು ಸೆಕೆಂಡಿಗೆ ಎಂಟು ಬಾಣ ಬರುತ್ತೆ. ಒಂದು ಬಾಣಕ್ಕೆ ಎರಡೆರಡು ಸಲ ಕಾಲೆತ್ತಿದ್ರೆ ಯಾವ ಕಾಲು ತಡ್ಕೊಳುತ್ತೆ?" ಅವನು ಬ್ರಷ್ಷು ಕೆಳಗಿಟ್ಟು ಬರಿ ನೆಲದ ಮೇಲೆ ತೋರಿಸಿದ. "ತುಳಿದ ಕಾಲು ಅಲ್ಲೇ ಇರ್ಬೇಕು. ಮುಂದಿನದಕ್ಕೆ ಇನ್ನೊಂದು ಕಾಲು. ಎಡ, ಬಲ, ಎಡ, ಬಲ. ಕಾಲು ಅಡ್ಡ ಬಂದ್ರೆ ಬರ್ಲಿ, ಮೈ ತಿರುಗಿದ್ರೆ ತಿರುಗ್ಲಿ. ನಾಲ್ಕು ತಿಂಗಳಿಂದ ಬಡ್ಕೋತಿದ್ದೀನಿ. 'ಗೊತ್ತು, ಆದ್ರೆ ಈ ಅಭ್ಯಾಸ ಬಿಡೋಕಾಗಲ್ಲ' ಅಂತಾಳೆ. ಯಾರು ಕಲಿಸಿದ್ದು ಅಂದ್ರೆ ಬಾಯೇ ಬಿಡಲ್ಲ. ಅವರಿಗೆ ಕೆಟ್ಟ ಹೆಸರು ಬರಬಾರ್ದು ಅಂತ ಕಾಣುತ್ತೆ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಎರಡು ದಿನ ಹಾಲಿನ ಚೀಟಿ ಬರೆದ ನನ್ನ ಮುಖಕ್ಕೆ ಏನು ಹೇಳಲಿ?

"ನಾನು ಕಣಪ್ಪ," ಎಂದೆ.

ಅವನು ನನ್ನ ಯೂನಿಫಾರ್ಮನ್ನೂ ಬೂಟನ್ನೂ ನೋಡಿ, "ಅಯ್ಯೋ, ಆಂಟಿ..." ಎಂದು ತೊದಲಿದ.

"ಸಾಕು ಬಿಡು. ಇನ್ನೊಂದು ಸಲ ತೋರ್ಸು."

ಗುರುವಾರದ ಚೀಟಿ ಬರೆಯಲು ಮೂರು ಕಾಗದ ಹರಿದೆ. "ಕಾಲು ಮನೆಗೆ ತರಬೇಡ. ನಾನು ಕಲಿಸಿದ್ದು ತಪ್ಪು." ತಪ್ಪು ಎಂಬ ಶಬ್ದ ನನ್ನ ಕೈಯಲ್ಲಿ ಅಷ್ಟು ಸುಲಭಕ್ಕೆ ಬರುವಂಥದ್ದಲ್ಲ. ಅವಳ ಉತ್ತರ ಹೀಗಿತ್ತು: "ಯಾರು ಹಾಗೆ ಅಂದಿದ್ದು? ಸ್ಪ್ಯಾನರ್ ತಾನೇ? ಸಿಗಲಿ ಅವನು."

ಭಾನುವಾರ ಮೊದಲ ಆಟ. ಹತ್ತು ಹೆಜ್ಜೆ ಚೆನ್ನಾಗಿ ಹೋದಳು, ಹನ್ನೊಂದನೆಯದಕ್ಕೆ ಕಾಲು ನಡುವಿಗೆ ಬಂತು. ಅಲ್ಲಿಂದಾಚೆ ಪ್ರತಿಸಲವೂ ಬಂತು. ಅರ್ಧಕ್ಕೆ ಹಾಡು ನಿಂತಿತು. ಎರಡನೆಯ ಆಟಕ್ಕೂ ಅದೇ ಗತಿ.

"ಆಂಟಿ," ಎಂದ ಸ್ಪ್ಯಾನರ್ ಮೆಲ್ಲಗೆ, "ನೀವು ಬಾಯಲ್ಲಿ ಏನೋ ಹೇಳ್ತಾನೇ ಇದ್ದೀರಿ."

"ನಾನಾ? ನಾನೇನೂ ಹೇಳ್ಲಿಲ್ಲ."

"ಹೇಳ್ತೀಯಮ್ಮ," ಎಂದಳು ಮಗಳು, ಬೆವರು ಒರೆಸಿಕೊಳ್ಳುತ್ತಾ. "ಮನೆ, ಮನೆ, ಮನೆ ಅಂತ. ಎಂಟು ವರ್ಷದಿಂದ ಹೇಳ್ತಿದ್ದೀಯ. ಅದು ಕಿವಿಗೆ ಬಿದ್ರೆ ಕಾಲು ತಾನಾಗೇ ಬಂದ್ಬಿಡುತ್ತೆ."

"ಮತ್ತೆ ಬಾಯ್ಮುಚ್ಚು ಅನ್ನೋಕೇನಾಗಿತ್ತು ನಿಂಗೆ ಇಷ್ಟು ದಿನ?"

"ಅಂದಿದ್ರೆ ನೀನು ಏನ್ಮಾಡ್ತಿದ್ದೆ? ಮುಖ ಊದಿಸ್ಕೊಂಡು ಹೋಗಿ ಆ ಬೆಂಚಿನ ಮೇಲೆ ಕೂತ್ಬಿಡ್ತಿದ್ದೆ. ಆಮೇಲೆ ಬರೋದನ್ನೇ ಬಿಡ್ತಿದ್ದೆ. ನಂಗೊತ್ತಿಲ್ವಾ ನಿನ್ನ?" ಅವಳು ನನ್ನ ತೋಳು ಹಿಡಿದಳು. "ಹದಿನೇಳು ಹಾಳಾಗ್ಹೋಗ್ಲಿ, ನೀನು ಪಕ್ಕದಲ್ಲಿರ್ಬೇಕಮ್ಮ ನಂಗೆ."

ಈ ಹುಡುಗಿ ನನ್ನನ್ನು ಕಳೆದುಕೊಳ್ಳುವ ಭಯಕ್ಕೆ ಐದು ತಿಂಗಳು ಸೋತಿದ್ದಾಳೆ. ನಾನೋ, ಅವಳನ್ನು ಕಳೆದುಕೊಳ್ಳುವ ಭಯಕ್ಕೆ ಅವಳ ಕಿವಿಯಲ್ಲೇ ಕೂತು ಸೋಲಿಸುತ್ತಿದ್ದೇನೆ.

"ಎಲ್ಲಿಗೂ ಹೋಗಲ್ಲ ಕಣೇ," ಎಂದೆ. "ಇಲ್ಲೇ ನಿಂತ್ಕೋತೀನಿ. ಬಾಯ್ಮುಚ್ಕೊಂಡು."

ಅದು ಆಗುವ ಮಾತೇ ಎಂಬಂತೆ ಇಬ್ಬರೂ ನಕ್ಕರು. ನಗಲಿ. ನಾನು ಕರವಸ್ತ್ರ ಮಡಿಸಿ ಬಾಯಿಗೆ ತುರುಕಿಕೊಂಡೆ.

ಮೂರನೆಯ ಆಟ ಶುರುವಾಯಿತು. ಬಾಣಗಳು ಇರುವೆಸಾಲಿನ ಹಾಗೆ ಬಂದವು. ಇಪ್ಪತ್ತನೆಯ ಹೆಜ್ಜೆಗೆ ಕಾಲು ತಡವರಿಸಿತು. ನಾನು ಬಟ್ಟೆ ಕಚ್ಚಿದೆ. ಆಮೇಲೆ ಅವಳ ಎಡಗಾಲು ಎಡಕ್ಕಿತ್ತು, ಬಲಗಾಲು ಕೆಳಗಿನ ಬಾಣಕ್ಕೆ ಹೋಯಿತು, ಎಡಗಾಲು ಎದ್ದು ನಡುವಿಗೆ ಬಾರದೆ ಅಡ್ಡ ಹಾಯ್ದು ನೇರ ಬಲದ ಬಾಣಕ್ಕೆ ಬಿತ್ತು. ಅದರ ರಭಸಕ್ಕೆ ಮೈಯಿಡೀ ಬಲಕ್ಕೆ, ನನ್ನ ಕಡೆಗೆ, ತಿರುಗಿತು.

ಎಂಟು ವರ್ಷ ನಾನು ನೋಡಿದ್ದು ಅವಳ ಬೆನ್ನು. ಜಡೆ, ಬೆವರಿಗೆ ಅಂಟಿದ ಅಂಗಿ, ಅಷ್ಟೇ. ಆಡುವಾಗ ಅವಳ ಮುಖ ಹೇಗಿರುತ್ತದೆ ಎಂದು ಕಂಡದ್ದು ಅವತ್ತೇ. ಕಣ್ಣು ಓರೆಯಾಗಿ ಪರದೆಯ ಮೇಲೆ, ಹುಬ್ಬು ಗಂಟು, ನಾಲಿಗೆಯ ತುದಿ ಹಲ್ಲಿನ ನಡುವೆ. ಇಕ್ಕಟ್ಟಿನ ತಿರುವಿನಲ್ಲಿ ಬಸ್ಸು ತಿರುಗಿಸುವಾಗ ನಾನೂ ಹಾಗೇ ನಾಲಿಗೆ ಕಚ್ಚುತ್ತೇನೆಂದು ಕಂಡಕ್ಟರ್ ಗೇಲಿ ಮಾಡುತ್ತಾನೆ. ಅದನ್ನಂತೂ ನಾನು ಅವಳಿಗೆ ಕಲಿಸಿರಲಿಲ್ಲ. ಕಣ್ಣು ಮಂಜಾಗಿ ಬಾಣಗಳೇ ಕಾಣದಾದವು.

ಹಾಡು ಮುಗಿಯಿತು. ಅರ್ಧಕ್ಕೆ ನಿಂತದ್ದಲ್ಲ, ಮುಗಿಯಿತು. ಜೀವದ ಪಟ್ಟಿಯಲ್ಲಿ ಉಳಿದದ್ದು ಒಂದು ಚೂರು. ಸ್ಪ್ಯಾನರ್ ಹೋ ಎಂದು ಕೂಗಿದ. ಅವಳು ಏದುಸಿರು ಬಿಡುತ್ತಾ ಅಡ್ಡಡ್ಡ ನಿಂತೇ ಇದ್ದಳು. ಪರದೆಯ ಕಡೆ ಕಣ್ಣೆತ್ತದೆ ನನ್ನನ್ನೇ ಕೇಳಿದಳು.

"ಅಮ್ಮಾ, ಆಯ್ತಾ?"

ಕರವಸ್ತ್ರ ತೆಗೆದೆ. "ಆಯ್ತು ಕಣೇ, ನನ್ನ ಬಂಗಾರ. ಹದಿನೆಂಟಕ್ಕೆ ನಂದು ಇನ್ನೇನೇನು ತಪ್ಪಿದೆ, ಎಲ್ಲಾ ಈಗ್ಲೇ ಹೇಳ್ಬಿಡು. ಕೋಪ ಬರುತ್ತೆ, ಬೈತೀನಿ, ಆದ್ರೆ ಇಲ್ಲೇ ನಿಂತಿರ್ತೀನಿ."