ಪಾಲಯ್ಯಜ್ಜನ ಉಸಿರಿನ ಗೀಟುಗಳು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡುವ ಭವ್ಯಾಗೆ ಆ ಶನಿವಾರ ದೊಡ್ಡ ಕೆಲಸವೊಂದು ಮುಗಿದ ನೆಮ್ಮದಿ. ಹರಿಹರದ ಪಾಲಯ್ಯಜ್ಜ ಅರವತ್ತು ವರ್ಷ ಹಾಡಿಕೊಂಡು ಬಂದ ಭಜನೆ ಪದಗಳೆಲ್ಲ ವೆಬ್‌ಸೈಟಿಗೆ ಏರಿದ್ದವು.

ಅಜ್ಜನ ಬಾಯಿಂದ ಕೇಳಿ ಅಷ್ಟನ್ನೂ ಟೈಪ್ ಮಾಡಿದವಳು ಸೊಸೆ ಹಂಪವ್ವ, ತನ್ನ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಹಳೇ ಫಾಂಟಿನಲ್ಲಿ. ವೆಬ್‌ಸೈಟಿಗೆ ಹಾಕಿದರೆ ಬರೀ ಕಾಗೆ ಕಾಲು, ಗುಬ್ಬಿ ಕಾಲು. ಪುಕ್ಕಟೆ ಸಿಗುವ ಕನ್ವರ್ಟರ್‌ಗೆ ಹಾಕಿದಾಗ ಚಿಟಿಕೆಯಲ್ಲಿ ಕನ್ನಡ ಮೂಡಿತು. ಮಾಡಿಟ್ಟ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು. ಆದರೆ ಸಾಲಿನ ನಡುನಡುವೆ ಓರೆ ಗೀಟುಗಳು ಉಳಿದಿದ್ದವು. ಕನ್ವರ್ಟರ್ ಬಿಟ್ಟ ಕಸವಿರಬೇಕೆಂದು, ಹುಡುಕಿ ಬದಲಿಸುವ ಕಂಟ್ರೋಲ್ ಹೆಚ್ ಒತ್ತಿ, ಒಂದೇ ಏಟಿಗೆ ಎಲ್ಲವನ್ನೂ ಅಳಿಸಿದಳು.

ಸಂಜೆ ನಾಲ್ಕಕ್ಕೆ ಹಂಪವ್ವನ ಫೋನು.

"ಗೀಟು ಎಲ್ಲಿ ಹೋದ್ವವ್ವ ಭವ್ಯಾ?"

"ಕಸ ಅಂತ ತೆಗದ್ನಲ್ರಿ ಅಕ್ಕ."

"ಚಲೋ ಕಸ ಹೊಡೆದಿ ಬಿಡು. ಮಾವ ಎಲ್ಲೆಲ್ಲಿ ಉಸಿರು ತಗೀತಿದ್ರೋ ಅಲ್ಲಲ್ಲಿ ಹಾಕಿದ್ದೆ. ಗಂಟ್ಲ ಆಪರೇಷನ್ ಆದ್ಮೇಲೆ ಅವರಿಗೆ ಬರೀ ಪಿಸುಮಾತು. ಇನ್ನೊಮ್ಮೆ ಹಾಡಿಸಿ ಬರಕೊಳ್ಳೋಕೆ ಆಗಂಗಿಲ್ಲ."

"ನಿಮ್ಮ ಅಂಗಡೀಲಿ ಐತಲ್ರಿ?"

"ಆ ಕಂಪ್ಯೂಟರ್ ಗುಜರಿ ಸೇರಿ ಎರಡು ತಿಂಗಳಾತು. ಇದ್ರೆ ನಿನ್ನ ಹತ್ರಾನೇ."

ಭವ್ಯಾ ಫೈಲು ತೆರೆದು ನೋಡಿದಳು. ಪೆನ್‌ಡ್ರೈವ್‌ನಲ್ಲಿ ಬಂದ ಫೈಲಿನ ಮೇಲೆಯೇ ಅವಳು ಹೊಸದನ್ನು ಸೇವ್ ಮಾಡಿದ್ದಳು. ಕಂಟ್ರೋಲ್ ಝಡ್ ಒತ್ತಿದಳು. ಒಮ್ಮೆ ಮುಚ್ಚಿ ತೆರೆದ ಫೈಲು ಹಿಂದಕ್ಕೆ ಸರಿಯಲಿಲ್ಲ.

ಆಗ ನೆನಪಾದವಳು ಕೆಲಸ ಕಲಿಸಿದ ಆಶಕ್ಕ. ಪ್ರತಿ ಹೆಜ್ಜೆಗೂ ಒಂದು ಪ್ರತಿ ತೆಗೆದಿಡುವ ಸಾಫ್ಟ್‌ವೇರನ್ನು ಹಟ ಮಾಡಿ ಹಾಕಿಸಿದ್ದಳು. ಭವ್ಯಾ ಗೊಣಗಿದಾಗ, "ನೀ ಮರೀತಿ, ಅದು ಮರೆಯಂಗಿಲ್ಲ" ಎಂದಿದ್ದಳು. ಭವ್ಯಾ ಹಿಂದಿನ ಪ್ರತಿಗಳನ್ನು ಒಂದೊಂದಾಗಿ ತೆರೆದಳು. ಹನ್ನೊಂದು ಗಂಟೆಯದರಲ್ಲಿ ಗೀಟುಗಳೆಲ್ಲ ಇದ್ದಲ್ಲೇ ಇದ್ದವು. ಅವಳ ಕಣ್ಣು ತುಂಬಿ ಬಂತು.

ಮತ್ತೆ ಅದೇ ಕಂಟ್ರೋಲ್ ಹೆಚ್. ಈ ಸಲ ಗೀಟು ಇದ್ದಲ್ಲೆಲ್ಲ ಹೊಸ ಸಾಲು. ಪದಗಳು ಗಿಡ್ಡ ಉದ್ದ ಸಾಲುಗಳಾಗಿ, ಹಾಡುವವರ ಎದೆಯಂತೆ ಏರಿಳಿದು ನಿಂತವು.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹರಿಹರಕ್ಕೆ ಹೋದಳು. ಹಂಪವ್ವ ಮೊಬೈಲ್ ನೋಡಿಕೊಂಡು ಒಂದು ಪದ ಹಾಡಿದಳು. ಗೋಡೆಗೆ ಒರಗಿದ್ದ ಪಾಲಯ್ಯಜ್ಜ ಕಣ್ಣು ಮುಚ್ಚಿ ಕೇಳಿದರು. ಸಾಲು ಮುರಿದಲ್ಲೆಲ್ಲ ಸೊಸೆಯ ಜೊತೆಗೇ ಅವರೂ ಉಸಿರೆಳೆದುಕೊಂಡರು. ಪದ ಮುಗಿದಾಗ ಭವ್ಯಾಗೆ ಕೈ ಮುಗಿದರು.

"ನನಗ್ಯಾಕ ಅಜ್ಜ? ಕಳದಾಕಿ ನಾನು. ಉಳಿಸಿದ್ದು ನಮ್ಮ ಆಶಕ್ಕನ ಬುದ್ಧಿ."

"ಯಾವೂರು ಆಕಿದು?" ಅಜ್ಜ ಪಿಸುಗುಟ್ಟಿದರು.

"ದಾವಣಗೆರೇನೇ. ಶಾಮನೂರು."

ಅಜ್ಜ ಗೋಡೆ ಹಿಡಿದು ಎದ್ದರು. ದಾವಣಗೆರೆಯ ದಿಕ್ಕಿಗೆ, ಮೂಡಲಿಗೆ ತಿರುಗಿ ಇನ್ನೊಮ್ಮೆ ಕೈ ಮುಗಿದರು.